ಗುನ್ನ ಬಿದ್ದ ಬುಗುರಿ, ಎಣ್ಣೆ ಕುಡಿದ ಬ್ಯಾಟು

ಬಾಲ್ಯದ ಆಟದ ಸಾಮಾನನ್ನು ದೊಡ್ಡವರಾದ ಮೇಲೂ ಏಕೆ ಇಟ್ಟುಕೊಳ್ಳುತ್ತೇವೆ? ಹೇಗೆ ಇಟ್ಟುಕೊಳ್ಳಬೇಕು? ಅದರ ಮೇಲಿನ ಯಾವ ಗುರುತನ್ನು ಅಳಿಸಬಾರದು?

ನವರಾತ್ರಿ ಹತ್ತಿರ ಬಂದರೆ ಮೈಸೂರು ಕಡೆಯ ಎಷ್ಟೋ ಮನೆಗಳಲ್ಲಿ ಅಟ್ಟದ ಮೇಲಿನ ಟ್ರಂಕು ಕೆಳಗಿಳಿಯುತ್ತದೆ. ಹಳೆ ಪಂಚೆಯ ತುಂಡುಗಳಲ್ಲಿ ಸುತ್ತಿಟ್ಟ ಬೊಂಬೆಗಳು ಒಂದೊಂದೇ ಹೊರಬರುತ್ತವೆ. ಮೇಲಿನ ಮೆಟ್ಟಿಲಿಗೆ ಪಟ್ಟದ ಬೊಂಬೆ, ನಡುವೆ ದಶಾವತಾರ, ಮದುವೆ ದಿಬ್ಬಣ, ದಸರಾ ಮೆರವಣಿಗೆ. ಎಲ್ಲಕ್ಕಿಂತ ಕೆಳಗೆ, ರಾಗಿ ಮೊಳಕೆ ಬರಿಸಿ ಮಾಡಿದ ಹಸಿರು ಮೈದಾನದ ಮೇಲೆ ಕ್ರಿಕೆಟ್ ಸೆಟ್ಟು. ಹನ್ನೊಂದು ಮಂದಿ ಫೀಲ್ಡಿಂಗ್ ತಂಡದವರು, ಇಬ್ಬರು ಬ್ಯಾಟ್ಸ್‌ಮನ್‌ಗಳು, ಇಬ್ಬರು ಅಂಪೈರ್‌ಗಳು. ಇಂಥ ಹಳೆಯ ಸೆಟ್ಟುಗಳಲ್ಲಿ ಯಾರದಾದರೂ ಒಬ್ಬರ ಮೂಗು ಮುಕ್ಕಾಗಿರುತ್ತದೆ, ಇನ್ನೊಬ್ಬನ ಬ್ಯಾಟು ಕಳೆದುಹೋಗಿ ಆ ಜಾಗಕ್ಕೆ ಬೆಂಕಿಕಡ್ಡಿ ಬಂದಿರುತ್ತದೆ. ಮುಕ್ಕಾದ ವಿಗ್ರಹವನ್ನು ಪೂಜೆಗೆ ಇಡದ ಮನೆಯಲ್ಲೂ ಮುಕ್ಕಾದ ವಿಕೆಟ್ ಕೀಪರನನ್ನು ಯಾರೂ ಆಚೆ ಹಾಕುವುದಿಲ್ಲ.

ದೊಡ್ಡವರಾದ ಮೇಲೂ ಆಟದ ಸಾಮಾನು ಇಟ್ಟುಕೊಳ್ಳುವುದು ಎಳಸುತನ ಎಂದು ಯಾರಾದರೂ ಅಂದರೆ ನಾನು ತೋರಿಸುವುದು ಈ ಟ್ರಂಕನ್ನು. ಮೊಮ್ಮಕ್ಕಳನ್ನು ಕಂಡ ಅಜ್ಜಿಯರು ಇಲ್ಲಿ ಆಟಿಕೆ ಜೋಡಿಸುತ್ತಾರೆ, ಹಬ್ಬ ಮುಗಿದ ಮೇಲೆ ಮಲಗಿಸಿ, ಸುತ್ತಿ, ಮತ್ತೆ ಅಟ್ಟಕ್ಕೆ ಏರಿಸುತ್ತಾರೆ. ಯಾವ ಬೊಂಬೆ ಯಾರ ತವರಿನಿಂದ ಬಂತು, ಯಾವುದನ್ನು ಯಾವ ಮಗು ಬೀಳಿಸಿತು ಎನ್ನುವುದೆಲ್ಲ ಅವರ ಬಾಯಲ್ಲಿರುತ್ತದೆ. ಆಟಿಕೆಯನ್ನು ಕಾಪಾಡುವುದು ನಮ್ಮಲ್ಲಿ ಹಬ್ಬವೇ ಆಗಿದೆ.

ಆ ಹಬ್ಬದ ಒಂಬತ್ತನೆಯ ದಿನ ಆಯುಧಪೂಜೆ. ಅಪ್ಪನ ಸ್ಕೂಟರು, ಅಮ್ಮನ ಹೊಲಿಗೆ ಮಿಷನ್ನು, ಅಡುಗೆಮನೆಯ ಈಳಿಗೆಮಣೆ ಇವುಗಳ ಸಾಲಿನಲ್ಲಿ ನಮ್ಮ ಮನೆಯಲ್ಲಿ ಬ್ಯಾಟೂ ಕೂರುತ್ತಿತ್ತು. ಅದಕ್ಕೂ ಅರಿಶಿನ, ಕುಂಕುಮ, ಒಂದು ಸೇವಂತಿಗೆ. ಅವತ್ತು ಮುಟ್ಟುವ ಹಾಗಿಲ್ಲ. ಸಂಜೆಯವರೆಗೆ ಆಟವಿಲ್ಲದೆ ಕಾಯುವುದು ವ್ರತಕ್ಕಿಂತ ಕಷ್ಟವಾಗಿತ್ತು.

ಆ ಬ್ಯಾಟು ಈಗಲೂ ನನ್ನ ಹತ್ತಿರ ಇದೆ. ಕಾಶ್ಮೀರಿ ವಿಲ್ಲೋ, ಐದನೇ ಸೈಜು. ಹಿಡಿಕೆಗೆ ಮೊದಲಿದ್ದ ರಬ್ಬರ್ ಗ್ರಿಪ್ ಹರಿದ ಮೇಲೆ ಅಣ್ಣ ಸೈಕಲ್ ಟ್ಯೂಬು ಕತ್ತರಿಸಿ ತೊಡಿಸಿದ. ಅದೀಗ ಗಟ್ಟಿಯಾಗಿ ಬಿರುಕು ಬಿಟ್ಟಿದೆ. ಬ್ಲೇಡಿನ ನಡುಭಾಗದಲ್ಲಿ ಕಾರ್ಕ್ ಬಾಲಿನ ಕೆಂಪು ಕಲೆಗಳು ಒತ್ತೊತ್ತಾಗಿವೆ. ಅಂಚಿಗೆ ಹೋದಂತೆ ಕಲೆ ವಿರಳ. ಅಣ್ಣ ಚೆನ್ನಾಗಿ ಆಡುತ್ತಿದ್ದ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಟಾರು ರಸ್ತೆಗೆ ಕುಟ್ಟಿ ಕುಟ್ಟಿ ತುದಿ ನಾರುನಾರಾಗಿದೆ. ಒಂದು ಕಡೆ ಸೀಳಿದ್ದಕ್ಕೆ ಫೆವಿಕಾಲ್ ತುಂಬಿ, ಮೇಲೆ ಟ್ವೈನ್ ದಾರ ಸುತ್ತಿದ್ದಾರೆ. ಭುಜದ ಹತ್ತಿರ ಬಾಲ್‌ಪೆನ್ನಿನಲ್ಲಿ ಎರಡು ಇನಿಷಿಯಲ್‌ಗಳಿವೆ. ಒಂದು ಅಣ್ಣನದು, ಕೆಳಗೆ ಸಣ್ಣದಾಗಿ ಬರೆದಿರುವುದು ನನ್ನದು. ಹಿಂಬದಿಯಲ್ಲಿ ಪೂಜೆಯ ಕುಂಕುಮದ ಚುಕ್ಕೆ ಕಂದು ಬಣ್ಣಕ್ಕೆ ತಿರುಗಿ ಮರದೊಳಕ್ಕೇ ಇಳಿದಿದೆ.

ಫೋಟೊದಲ್ಲಿ ಇಲ್ಲದ ಆಟ

ತೊಂಬತ್ತರ ದಶಕದಲ್ಲಿ ಕ್ಯಾಮೆರಾ ಎಂದರೆ ಮೂವತ್ತಾರು ಫೋಟೊಗಳ ರೀಲು. ಅದನ್ನು ನಾಮಕರಣಕ್ಕೆ, ಮದುವೆಗೆ, ಹೆಚ್ಚೆಂದರೆ ಜೋಗಕ್ಕೆ ಹೋದಾಗ ಬಳಸುತ್ತಿದ್ದರು. ಬೀದಿಯಲ್ಲಿ ಮಕ್ಕಳು ಕ್ರಿಕೆಟ್ ಆಡುವುದರ ಮೇಲೆ ರೀಲು ಖರ್ಚು ಮಾಡುವವರು ಯಾರೂ ಇರಲಿಲ್ಲ. ನಮ್ಮ ಮನೆಯ ಆಲ್ಬಂ ತೆಗೆದರೆ ನಾನು ರೇಷ್ಮೆ ಲಂಗದಲ್ಲಿದ್ದೇನೆ, ಮೊಗ್ಗಿನ ಜಡೆಯಲ್ಲಿದ್ದೇನೆ, ಬೊಂಬೆಗಳ ಮುಂದೆ ಕೈಮುಗಿದು ಕೂತಿದ್ದೇನೆ. ಬೇಸಿಗೆ ರಜೆಯಲ್ಲಿ ದಿನವಿಡೀ ವಠಾರದ ಹುಡುಗರ ಜೊತೆ ಆಡಿದವಳು, ಎರಡೂ ಟೀಮಿಗೆ ಸೇರಿದ ‘ಜೋಕರ್’ ಆಗಿ ಎಲ್ಲರಿಗಿಂತ ಹೆಚ್ಚು ಹೊತ್ತು ಬ್ಯಾಟು ಹಿಡಿದವಳು ಒಂದು ಫೋಟೊದಲ್ಲೂ ಇಲ್ಲ. ಅವಳು ಇದ್ದಳು ಎನ್ನುವುದಕ್ಕೆ ಉಳಿದಿರುವುದು ಆ ಬ್ಯಾಟಿನ ಭುಜದ ಮೇಲಿನ ಇನಿಷಿಯಲ್ಲು ಮಾತ್ರ.

ಹಾಗಾಗಿ ಆಟದ ಸಾಮಾನಿನ ಮೇಲೆ ಬಿದ್ದ ಪೆಟ್ಟು, ಕಲೆ, ಸವೆತವೇ ಅದರ ನಿಜವಾದ ಬೆಲೆ ಎಂದು ನಾನು ನಂಬಿದ್ದೇನೆ. ಬುಗುರಿ ಆಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸೋತವನ ಬುಗುರಿಯನ್ನು ನೆಲಕ್ಕಿಟ್ಟು ಗೆದ್ದವರು ತಮ್ಮ ಬುಗುರಿಯ ಮೊಳೆಯಿಂದ ಗುನ್ನ ಹೊಡೆಯುತ್ತಾರೆ. ಚನ್ನಪಟ್ಟಣದಲ್ಲಿ ಹಾಲೆಮರವನ್ನು ಕಡೆದು, ತಿರುಗುತ್ತಿರುವಾಗಲೇ ಅರಗಿನ ಬಣ್ಣ ಒತ್ತಿ, ಕೇದಗೆ ಎಲೆಯಿಂದ ತಿಕ್ಕಿ ಹೊಳಪು ಬರಿಸಿದ ಬುಗುರಿ ಅಂಗಡಿಯಲ್ಲಿ ಎಷ್ಟು ಚೆಂದ ಇದ್ದರೂ ಅದು ಇನ್ನೂ ಯಾರ ಬುಗುರಿಯೂ ಅಲ್ಲ. ಮೊದಲ ಗುನ್ನ ಬಿದ್ದ ಮೇಲೆ ಗುಡ್ಡೆಯಲ್ಲಿಟ್ಟರೂ ಇದು ನನ್ನದು ಎಂದು ಗುರುತಿಸಬಹುದು.

ಬ್ರಿಟನ್ನಿನ ಮಕ್ಕಳ ವೈದ್ಯ, ಮನೋವಿಶ್ಲೇಷಕ ಡೊನಾಲ್ಡ್ ವಿನಿಕಾಟ್ 1950ರ ದಶಕದ ಆರಂಭದಲ್ಲಿ ಪುಟ್ಟ ಮಕ್ಕಳು ಬಿಡದೆ ಹಿಡಿದುಕೊಳ್ಳುವ ಬಟ್ಟೆ, ಕರಡಿಬೊಂಬೆಗಳ ಬಗ್ಗೆ ಬರೆದ. ಅವನು ಗಮನಿಸಿದ ಒಂದು ಸಂಗತಿ ನನಗೆ ಬಹಳ ಹಿಡಿಸುತ್ತದೆ. ಆ ವಸ್ತು ಕೊಳೆಯಾದರೂ, ವಾಸನೆ ಬಂದರೂ ತಾಯಿ ಅದನ್ನು ಒಗೆಯಲು ಹೋಗುವುದಿಲ್ಲ. ಒಗೆದರೆ ಮಗುವಿಗೂ ವಸ್ತುವಿಗೂ ಇದ್ದ ನಂಟಿನ ಎಳೆ ತುಂಡಾಗುತ್ತದೆಂದು ಅವಳಿಗೆ ಗೊತ್ತು. ವಿನಿಕಾಟ್ ಹೇಳಿದ್ದು ಕೂಸುಗಳ ಬಗ್ಗೆ. ಆದರೆ ನಲವತ್ತು ದಾಟಿದವರು ಹಳೆ ಬ್ಯಾಟಿಗೆ ಮರಳುಕಾಗದ ಉಜ್ಜಿ, ವಾರ್ನಿಷ್ ಹೊಡೆದು, ಹೊಸ ಸ್ಟಿಕ್ಕರ್ ಹಚ್ಚಿ ಗೋಡೆಗೆ ನೇತುಹಾಕುವುದನ್ನು ನೋಡಿದಾಗೆಲ್ಲ ನನಗೆ ಆ ತಾಯಿ ನೆನಪಾಗುತ್ತಾಳೆ.

ಕ್ರಿಕೆಟ್ಟೇ ಎಲ್ಲರ ಬಾಲ್ಯವೂ ಅಲ್ಲ. ಕೊಡಗಿನ ಮನೆಗಳಲ್ಲಿ ಹಾಕಿ ಸ್ಟಿಕ್ಕು ಇಂಥದೇ ಜಾಗ ಪಡೆದಿದೆ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡ ಗ್ರಾಮದಲ್ಲಿ ಶುರುಮಾಡಿದ ಕೊಡವ ಕುಟುಂಬಗಳ ಹಾಕಿ ಉತ್ಸವ 2024ರ ಹೊತ್ತಿಗೆ 360 ತಂಡಗಳಿಗೆ ಬೆಳೆದದ್ದು ಮನೆಮನೆಯಲ್ಲೂ ಸ್ಟಿಕ್ಕು ಇದ್ದದ್ದರಿಂದಲೇ. ಅಲ್ಲಿ ತಾತ, ಮಗ, ಮೊಮ್ಮಗಳು ಒಂದೇ ತಂಡದಲ್ಲಿ ಇಳಿಯುವುದುಂಟು. ಮಲ್ಲೇಶ್ವರದ ಕೆನರಾ ಯೂನಿಯನ್ನಿನ ಸಭಾಂಗಣದಲ್ಲಿ, ಮದುವೆ ಇಲ್ಲದ ದಿನ ನೋಡಿಕೊಂಡು ಆಡಿ ಬೆಳೆದ ಪ್ರಕಾಶ್ ಪಡುಕೋಣೆ 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ದ ಮೇಲೆ ಮರದ ರ‍್ಯಾಕೆಟ್ಟು ಎಷ್ಟೋ ಮನೆಗಳಿಗೆ ಬಂತು. ಇನ್ನು ಬಾಲ್ ಬ್ಯಾಡ್ಮಿಂಟನ್ನಿನ ಹಳದಿ ಉಣ್ಣೆಯ ಚೆಂಡು. ಅದನ್ನು ಕೈಗಿಟ್ಟರೆ ಸಾಕು, ನಮ್ಮ ಅಪ್ಪನ ವಯಸ್ಸಿನವರ ಮುಖ ಬದಲಾಗುತ್ತದೆ. ಮೈಸೂರಿನ ಗರಡಿಮನೆಗಳಲ್ಲಿ ಮಕ್ಕಳಿಗೆಂದೇ ಮಾಡಿಸಿದ ಚಿಕ್ಕ ಗದೆಗಳಿವೆ, ಅವುಗಳ ಹಿಡಿಕೆ ಎಷ್ಟು ಕೈ ದಾಟಿ ನುಣುಪಾಗಿದೆಯೋ!

ಕಾಸು ಕೊಟ್ಟು ತರದ ಸಾಮಾನೂ ಇದೆ. ತೆಂಗಿನ ಮಟ್ಟೆ ಕೆತ್ತಿ ಮಾಡಿದ ಬ್ಯಾಟು ಒಣಗಿ ಹಗುರಾಗಿ ಎರಡು ತಿಂಗಳಿಗೆ ಸೀಳುತ್ತಿತ್ತು, ಅದನ್ನು ಯಾರೂ ಎತ್ತಿಡಲಿಲ್ಲ. ಅಮೆರಿಕದ ರಾಚೆಸ್ಟರ್‌ನ ಆಟಗಳ ವಸ್ತುಸಂಗ್ರಹಾಲಯದವರು ತಮ್ಮ ಆಟಿಕೆಗಳ ಗೌರವಪಟ್ಟಿಗೆ 2008ರಲ್ಲಿ ಬರೀ ಕೋಲನ್ನೂ ಮರುವರ್ಷ ಚೆಂಡನ್ನೂ ಸೇರಿಸಿದರು. ಆ ಸುದ್ದಿ ಓದಿದಾಗ ನನ್ನ ಕಣ್ಣಮುಂದೆ ಬಂದದ್ದು ಚಿನ್ನಿದಾಂಡು.

ಎರಡು ಪಂದ್ಯದ ದ್ರಾವಿಡ್

ನಮ್ಮ ಕಾಲದ ಮಕ್ಕಳ ಡಬ್ಬಿಯಲ್ಲಿ ಕಾಗದದ ಸಾಮಾನೇ ಹೆಚ್ಚು. ಬಿಗ್ ಫನ್ ಬಬಲ್‌ಗಮ್ಮಿನ ಜೊತೆ ಬರುತ್ತಿದ್ದ ಆಟಗಾರರ ಚಿತ್ರಗಳು. ಮೈಸೂರಿನ ಲ್ಯಾನ್ಸ್‌ಡೌನ್ ಬಿಲ್ಡಿಂಗಿನ ಹಳೆ ಪುಸ್ತಕದಂಗಡಿಯಲ್ಲಿ ಕೊಂಡ ಸ್ಪೋರ್ಟ್‌ಸ್ಟಾರ್, ಅದರ ನಡುಪುಟದ ಪೋಸ್ಟರು, ಪಿನ್ನು ಬಿಚ್ಚಿದ ತೂತುಗಳ ಸಮೇತ. 1999ರ ವಿಶ್ವಕಪ್ಪಿಗೆ ಮುಂಚೆ ‘ಬ್ರಿಟಾನಿಯಾ ಖಾವೋ, ವರ್ಲ್ಡ್ ಕಪ್ ಜಾವೋ’ ಬಂದಾಗ ಬಿಸ್ಕತ್ತಿನ ಕಾಗದದ ಮೇಲೆ ರನ್ನು ಇರುತ್ತಿತ್ತು. ನೂರು ರನ್ನು ಕೂಡಿಸಲು ಮನೆಗೆ ಬಂದ ನೆಂಟರಿಗೆಲ್ಲ ಬಿಸ್ಕತ್ತೇ. ಲಾಂಗ್ ನೋಟ್‌ಬುಕ್ಕಿನಲ್ಲಿ ಅನ್ನದ ಅಗುಳು ಸವರಿ ಅಂಟಿಸಿದ ಪೇಪರ್ ಕಟಿಂಗ್‌ಗಳು: ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ 1996ರ ಮಾರ್ಚ್ 9ರಂದು ಅಮೀರ್ ಸೊಹೈಲ್‌ಗೆ ವೆಂಕಟೇಶ್ ಪ್ರಸಾದ್ ಪೆವಿಲಿಯನ್ ದಾರಿ ತೋರಿಸುತ್ತಿರುವ ಚಿತ್ರ, ದೆಹಲಿಯಲ್ಲಿ 74 ರನ್ನಿಗೆ ಹತ್ತಕ್ಕೆ ಹತ್ತೂ ವಿಕೆಟ್ ಕಿತ್ತ ಕುಂಬ್ಳೆ.

ಇವೆಲ್ಲದರ ನಡುವೆ ಒಂದು ಕಟ್ಟು ಟ್ರಂಪ್ ಕಾರ್ಡು. ಕಾರ್ಡುಗಳನ್ನು ಸಮನಾಗಿ ಹಂಚಿಕೊಂಡು, ಮೇಲಿನ ಕಾರ್ಡಿನಲ್ಲಿರುವ ಯಾವುದಾದರೊಂದು ಅಂಕಿಯನ್ನು ಕರೆಯುವುದು. ಪಂದ್ಯ, ರನ್ನು, ಗರಿಷ್ಠ, ಸರಾಸರಿ, ವಿಕೆಟ್ಟು. ಯಾರದು ಹೆಚ್ಚೋ ಅವರಿಗೆ ಎದುರಾಳಿಯ ಕಾರ್ಡು. ನಮ್ಮ ಕಟ್ಟು ಅಚ್ಚಾದಾಗ ರಾಹುಲ್ ದ್ರಾವಿಡ್ ಇನ್ನೂ ಟೆಸ್ಟ್ ಆಡಿರಲಿಲ್ಲ. 1996ರ ಜೂನ್‌ನಲ್ಲಿ ಲಾರ್ಡ್ಸ್‌ನಲ್ಲಿ ಆಡಿದ, 95 ಹೊಡೆದ. ಆ ಹನ್ನೊಂದರಲ್ಲಿ ಶ್ರೀನಾಥ್, ಕುಂಬ್ಳೆ, ಪ್ರಸಾದ್, ದ್ರಾವಿಡ್, ನಾಲ್ವರು ನಮ್ಮವರು. ಮೂವರ ಕಾರ್ಡು ಇದ್ದು ನಾಲ್ಕನೆಯವನದು ಇಲ್ಲದಿರುವುದನ್ನು ಅಣ್ಣನಿಗೆ ಸಹಿಸಲಾಗಲಿಲ್ಲ. ಯಾರದೋ ಲಗ್ನಪತ್ರಿಕೆಯ ದಪ್ಪ ರಟ್ಟನ್ನು ಉಳಿದ ಕಾರ್ಡುಗಳ ಅಳತೆಗೆ ಕತ್ತರಿಸಿದ. ಪೇಪರಿನ ಚಿಕ್ಕ ಫೋಟೊ ಅಂಟಿಸಿದ. ಸರಣಿ ಮುಗಿಯುವುದನ್ನೇ ಕಾದು ಅಂಕಿ ಬರೆದ: ಪಂದ್ಯ 2, ರನ್ 187, ಗರಿಷ್ಠ 95, ಸರಾಸರಿ 62.33, ವಿಕೆಟ್ 0.

ಆ ಕಾರ್ಡು ಪಂದ್ಯದಲ್ಲಿ ಸೋಲುತ್ತಿತ್ತು, ರನ್ನಿನಲ್ಲಿ ಸೋಲುತ್ತಿತ್ತು, ವಿಕೆಟ್ಟಿನಲ್ಲಂತೂ ಕೇಳುವುದೇ ಬೇಡ. ‘ಸರಾಸರಿ’ ಎಂದು ಕರೆದರೆ ಮಾತ್ರ ನಮ್ಮ ಕಟ್ಟಿನಲ್ಲಿದ್ದ ಯಾರೂ ಅದರ ಮುಂದೆ ನಿಲ್ಲುತ್ತಿರಲಿಲ್ಲ. ದ್ರಾವಿಡ್ ಆಮೇಲೆ 164 ಟೆಸ್ಟ್ ಆಡಿ, 13,288 ರನ್ ಗಳಿಸಿ, 2012ರಲ್ಲಿ ನಿವೃತ್ತಿಯಾಗುವಾಗ ಸರಾಸರಿ 52.31. ಅದೆಲ್ಲ ಯಾರ ಫೋನಿನಲ್ಲಾದರೂ ಸಿಗುತ್ತದೆ. ಎರಡೇ ಪಂದ್ಯ ಆಡಿದ, ಮುಂದೇನಾಗುತ್ತಾನೋ ಯಾರಿಗೂ ಗೊತ್ತಿರದ ಇಪ್ಪತ್ತಮೂರರ ಹುಡುಗ ಮಾತ್ರ ಆ ರಟ್ಟಿನ ಮೇಲಿದ್ದಾನೆ. ಅವನನ್ನು ನಂಬಿ ಕಾರ್ಡು ಮಾಡಿಕೊಟ್ಟ ಹದಿಮೂರರ ಹುಡುಗನೂ ಅಲ್ಲೇ ಇದ್ದಾನೆ, ಹಸಿರು ಇಂಕಿನ ಕೈಬರಹದಲ್ಲಿ.

ಯಾರೂ ಮುಟ್ಟದ ಕಾರ್ಡು, ಬಣ್ಣ ಮಾಸಿದ ಟೋಪಿ

ಜಗತ್ತಿನ ಮಾರುಕಟ್ಟೆ ಇದನ್ನು ಬೇರೆ ಲೆಕ್ಕದಲ್ಲಿ ನೋಡುತ್ತದೆ. ಅಮೆರಿಕದ ಬೇಸ್‌ಬಾಲ್ ಆಟಗಾರ ಮಿಕಿ ಮ್ಯಾಂಟಲ್‌ನ 1952ರ ಟಾಪ್ಸ್ ಕಂಪನಿಯ ಕಾರ್ಡೊಂದು 2022ರ ಆಗಸ್ಟ್‌ನಲ್ಲಿ 1.26 ಕೋಟಿ ಡಾಲರಿಗೆ ಹರಾಜಾಯಿತು. ಹತ್ತಕ್ಕೆ ಒಂಬತ್ತೂವರೆ ಅಂಕ ಪಡೆದ ಕಾರ್ಡು ಅದು. ಮೂಲೆ ಮಡಚಿಲ್ಲ, ಬಣ್ಣ ಮಾಸಿಲ್ಲ, ಬೆರಳಿನ ಗುರುತಿಲ್ಲ. ಆ ವರ್ಷ ಮಾರಾಟವಾಗದೆ ಉಳಿದ ಕಾರ್ಡಿನ ಪೆಟ್ಟಿಗೆಗಳನ್ನು ಕಂಪನಿಯವರು 1960ರಲ್ಲಿ ದೋಣಿಯಲ್ಲಿ ಸಾಗಿಸಿ ಅಟ್ಲಾಂಟಿಕ್ ಸಮುದ್ರಕ್ಕೆ ಸುರಿದರು. ಮಾರಾಟವಾದವುಗಳನ್ನು ಮಕ್ಕಳು ಸೈಕಲ್ ಚಕ್ರಕ್ಕೆ ಸಿಕ್ಕಿಸಿಕೊಂಡು ಟರ್‌ರ್ ಎನ್ನಿಸುತ್ತ ಓಡಾಡಿದರು. ಉಳಿದವುಗಳನ್ನು ಅಮ್ಮಂದಿರು ಮನೆ ಸಾರಿಸುವಾಗ ಎಸೆದರು. ಹಾಗಾಗಿ ಯಾವ ಮಗುವೂ ಆಡದ ಕಾರ್ಡಿಗೆ ಅಷ್ಟು ಬೆಲೆ ಬಂತು. ಸಂಗ್ರಹಕಾರರ ಶ್ರದ್ಧೆಯ ಬಗ್ಗೆ ನನಗೆ ಗೌರವವಿದೆ, ಆದರೆ ಆ ಕಾರ್ಡನ್ನು ನೋಡಿದರೆ ದುಃಖವೇ ಆಗುತ್ತದೆ.

ಇದಕ್ಕೆ ಪೂರ್ತಿ ಎದುರಾದದ್ದು ಶೇನ್ ವಾರ್ನ್‌ನ ಹಸಿರು ಟೋಪಿ. 145 ಟೆಸ್ಟ್, 708 ವಿಕೆಟ್‌ಗಳ ವೃತ್ತಿಜೀವನದ ಆ ಟೋಪಿಯನ್ನು 2020ರ ಜನವರಿಯಲ್ಲಿ ಆಸ್ಟ್ರೇಲಿಯಾದ ಕಾಡ್ಗಿಚ್ಚಿನ ಸಂತ್ರಸ್ತರಿಗಾಗಿ ಅವನು ಹರಾಜಿಗಿಟ್ಟ. 10,07,500 ಆಸ್ಟ್ರೇಲಿಯನ್ ಡಾಲರು ಬಂತು. ಬ್ರಾಡ್ಮನ್ನನ ಟೋಪಿಯ ಹಳೆ ದಾಖಲೆಯನ್ನೂ ಅದು ದಾಟಿತು. ಇಲ್ಲಿ ಜನ ಹಣ ಕೊಟ್ಟದ್ದು ಬೆವರಿಗೆ, ಬಿಸಿಲಿಗೆ ಬಣ್ಣ ಕಳೆದುಕೊಂಡ ಬಟ್ಟೆಗೆ. ಅದೇ ಟೋಪಿ ಪೆಟ್ಟಿಗೆಯೊಳಗೆ ಹೊಸದಾಗಿಯೇ ಇದ್ದಿದ್ದರೆ ಯಾರು ತಿರುಗಿ ನೋಡುತ್ತಿದ್ದರು?

ನಮ್ಮ ಅಟ್ಟದ ಸಾಮಾನಿಗೆ ಹರಾಜಿನಲ್ಲಿ ನೂರು ರೂಪಾಯಿಯೂ ಹುಟ್ಟದು. ಪುಣೆಯ ಬ್ಲೇಡ್ಸ್ ಆಫ್ ಗ್ಲೋರಿ ಕ್ರಿಕೆಟ್ ವಸ್ತುಸಂಗ್ರಹಾಲಯದಲ್ಲಿ ದೊಡ್ಡ ಆಟಗಾರರು ಹಿಡಿದ ಬ್ಯಾಟುಗಳಿವೆ. ಸೈಕಲ್ ಟ್ಯೂಬ್ ತೊಡಿಸಿದ ಬ್ಯಾಟಿಗೆ ಅಂಥ ಕಡೆ ಜಾಗವಿರುವುದಿಲ್ಲ. ಅದನ್ನು ಕಾಪಾಡುವವರು ಮನೆಯವರು ಮಾತ್ರ.

ಅಟ್ಟದ ಶತ್ರುಗಳು

ಗುರುತು ಅಳಿಸಬಾರದು ಅಂದಮಾತ್ರಕ್ಕೆ ಹಾಳಾಗಲು ಬಿಡಬೇಕೆಂದಲ್ಲ. ಅನ್ನದಿಂದ ಅಂಟಿಸಿದ ಕಟಿಂಗ್‌ಗಳೇ ಮೊದಲು ಹೋಗುವುದು. ಹಳೆ ಪುಸ್ತಕ ತೆಗೆದಾಗ ಸರಕ್ಕನೆ ಓಡುವ ಬೆಳ್ಳಿ ಬಣ್ಣದ ಹುಳುವಿಗೆ ಗಂಜಿಯ ಅಂಶವೇ ಆಹಾರ. ನಮ್ಮ ನೋಟ್‌ಬುಕ್ಕಿನಲ್ಲಿ ಸೊಹೈಲ್‌ನ ಸ್ಟಂಪುಗಳಿದ್ದ ಜಾಗವನ್ನು ಅದು ತಿಂದುಬಿಟ್ಟಿದೆ. ಪತ್ರಿಕೆಯ ಕಾಗದದಲ್ಲಿ ಮರದ ಲಿಗ್ನಿನ್ ಉಳಿದಿರುವುದರಿಂದ ಬೆಳಕು, ಗಾಳಿ ತಾಗಿದಂತೆ ಹಳದಿಗೆ ತಿರುಗಿ ಪುಡಿಯಾಗುತ್ತದೆ. ಕಟಿಂಗನ್ನು ಬೆಳಕಿಗೆ ಒಡ್ಡದೆ, ಆಮ್ಲವಿಲ್ಲದ ಕಾಗದದ ನಡುವೆ ಚಪ್ಪಟೆಯಾಗಿ ಇಡಬೇಕು. ಜೊತೆಗೆ ಒಂದು ಒಳ್ಳೆಯ ಸ್ಕ್ಯಾನ್ ಮಾಡಿಟ್ಟುಕೊಂಡರೆ ಕೈ ಹಾಕುವ ಅಗತ್ಯವೇ ಕಡಿಮೆಯಾಗುತ್ತದೆ. ಸೆಲ್ಲೋಟೇಪು ಮಾತ್ರ ಬೇಡವೇ ಬೇಡ. ವರ್ಷ ಕಳೆದಂತೆ ಅದರ ಅಂಟು ಕಾಗದದೊಳಗೆ ಇಳಿದು ಕಂದು ಪಟ್ಟಿ ಬಿಡುತ್ತದೆ, ಆಮೇಲೆ ತೆಗೆಯಲಾಗದು.

ಕಾರ್ಡುಗಳನ್ನು ಪಿವಿಸಿ ಪ್ಲಾಸ್ಟಿಕ್ಕಿನ ಆಲ್ಬಂ ಜೇಬುಗಳಲ್ಲಿ ಇಟ್ಟರೆ ಕ್ರಮೇಣ ಪ್ಲಾಸ್ಟಿಕ್ ಜಿಗುಟಾಗಿ ಅಚ್ಚಿನ ಬಣ್ಣವನ್ನು ಎಳೆದುಕೊಳ್ಳುತ್ತದೆ. ಪಾಲಿಪ್ರೊಪಿಲೀನ್ ಜೇಬು ವಾಸಿ. ಅದಕ್ಕಿಂತ ಮುಖ್ಯ, ರಬ್ಬರ್ ಬ್ಯಾಂಡ್ ಹಾಕಬೇಡಿ, ಅದು ಒಣಗಿ ಮೇಲಿನ ಕೆಳಗಿನ ಕಾರ್ಡುಗಳಿಗೆ ಅಂಟಿಕೊಳ್ಳುತ್ತದೆ. ಪ್ಲಾಸ್ಟಿಕ್ ಆಟಿಕೆಗಳ ಡಬ್ಬಿಗೆ ನುಸಿಗುಳಿಗೆಯೂ ಬೇಡ, ಕೆಲವು ಬಗೆಯ ಪ್ಲಾಸ್ಟಿಕ್ ಅದರ ಆವಿಗೆ ಮೆತ್ತಗಾಗುತ್ತದೆ. ಮಲೆನಾಡು, ಕರಾವಳಿಯ ಮಳೆಗಾಲಕ್ಕೆ ಸಿಲಿಕಾ ಜೆಲ್ಲಿನ ಪೊಟ್ಟಣ ಇಟ್ಟು, ಆಗಾಗ ಬದಲಿಸಿದರೆ ಬೂಷ್ಟು ಹಿಡಿಯುವುದಿಲ್ಲ.

ವಿಲ್ಲೋ ಮರ ತೀರ ಒಣಗಿದರೆ ಸೀಳುತ್ತದೆ. ವರ್ಷಕ್ಕೊಮ್ಮೆ ಬಟ್ಟೆಯಲ್ಲಿ ಒಂದೆರಡು ಹನಿ ಹಸಿ ಅಗಸೆ ಎಣ್ಣೆ ತೆಗೆದುಕೊಂಡು ಬ್ಲೇಡಿನ ಮೇಲೆ ತೆಳ್ಳಗೆ ಸವರಿ, ಅಡ್ಡ ಮಲಗಿಸಿ ಒಣಗಿಸಿದರೆ ಸಾಕು. ಹಿಡಿಕೆ ಬ್ಲೇಡಿಗೆ ಸೇರುವ ಕಡೆಗೆ, ಸ್ಟಿಕ್ಕರಿನ ಮೇಲೆ ಎಣ್ಣೆ ತಾಗಕೂಡದು. ಕೊಬ್ಬರಿ ಎಣ್ಣೆ ಹಚ್ಚುವವರಿದ್ದಾರೆ, ಅದು ಒಣಗದೆ ಧೂಳು ಹಿಡಿಯುತ್ತದೆ.

ಇನ್ನೊಂದು ಕೆಲಸವನ್ನು ಬಹಳ ಜನ ಮರೆಯುತ್ತಾರೆ. ಯಾರದು, ಎಲ್ಲಿ ಕೊಂಡದ್ದು, ಯಾರ ಜೊತೆ ಆಡಿದ್ದು ಎನ್ನುವುದನ್ನು ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿ. ಬೊಂಬೆ ಟ್ರಂಕಿನ ಕತೆಗಳು ಅಜ್ಜಿಯ ಬಾಯಲ್ಲಿದ್ದವು, ಅಜ್ಜಿ ಹೋದ ಮೇಲೆ ನಮ್ಮ ಮನೆಯ ಅರ್ಧ ಬೊಂಬೆಗಳ ಊರು ಯಾವುದೆಂದು ಹೇಳುವವರಿಲ್ಲ.

ಎಲ್ಲವನ್ನೂ ಇಡಲು ಆಗದು, ಇಡಬೇಕಾಗಿಯೂ ಇಲ್ಲ. ಎರಡು ಕೋಣೆಯ ಫ್ಲ್ಯಾಟಿನಲ್ಲಿ ಅಟ್ಟವೇ ಇರುವುದಿಲ್ಲ. ನಾನು ಸ್ಪೋರ್ಟ್‌ಸ್ಟಾರ್ ಕಟ್ಟನ್ನು ಒಂದು ಗ್ರಂಥಾಲಯಕ್ಕೆ ಕೊಟ್ಟೆ, ಪಟ್ಟಿ ಕಟ್ಟುವ ಹಳೆ ಪ್ಯಾಡುಗಳನ್ನು ಬಿಟ್ಟೆ. ಅಮ್ಮ ಮಾತ್ರ ಬ್ಯಾಟು ನೋಡಿದಾಗೆಲ್ಲ ಕೇಳುತ್ತಾಳೆ: “ಇನ್ನೂ ಇಟ್ಕೊಂಡಿದ್ದೀಯೇನೇ ಇದನ್ನ?” ಕೇಳುತ್ತಲೇ ಸೆರಗಿನ ತುದಿಯಿಂದ ಅದರ ಧೂಳು ಒರೆಸುತ್ತಾಳೆ.

ಇಟ್ಟುಕೊಂಡಿದ್ದ ಟ್ರಂಪ್ ಕಾರ್ಡುಗಳು ಈಗ ಅಣ್ಣನ ಮಗಳ ಕೈಗೆ ಬಂದಿವೆ. ಕಟ್ಟನ್ನೆಲ್ಲ ಹರಡಿಕೊಂಡು ಅವಳು ಮೊದಲು ಕೇಳಿದ್ದು, “ಅತ್ತೆ, ಇದರಲ್ಲಿ ಹುಡುಗೀರೇ ಇಲ್ವಾ?” ಇರಲಿಲ್ಲ. ನಾನು ಆ ಕಾರ್ಡುಗಳಲ್ಲಿ ಅಷ್ಟು ವರ್ಷ ಆಡಿದರೂ ಯಾರಾದರೂ ಅಂಥ ಕಾರ್ಡು ಅಚ್ಚು ಹಾಕಬಹುದಿತ್ತು ಎಂದು ಆ ಕಾಲದಲ್ಲಿ ನಮಗ್ಯಾರಿಗೂ ಹೊಳೆದಿರಲಿಲ್ಲ. ಭಾರತದ ಮಹಿಳೆಯರ ಮೊದಲ ಟೆಸ್ಟ್ ನಡೆದದ್ದು 1976ರಲ್ಲಿ, ನಮ್ಮ ಬೆಂಗಳೂರಿನಲ್ಲೇ. ನಾಯಕಿ ಶಾಂತಾ ರಂಗಸ್ವಾಮಿ ನಮ್ಮ ರಾಜ್ಯಕ್ಕೇ ಆಡುತ್ತಿದ್ದವರು. ಮರುವರ್ಷ ನ್ಯೂಜಿಲೆಂಡ್‌ನಲ್ಲಿ ಭಾರತದ ಮಹಿಳಾ ಟೆಸ್ಟ್‌ನ ಮೊದಲ ಶತಕ ಹೊಡೆದವರೂ ಅವರೇ.

ಅವಳು ಕೂತು ಕಾರ್ಡು ಮಾಡಿದಳು. ಈ ಸಲವೂ ಲಗ್ನಪತ್ರಿಕೆಯ ರಟ್ಟೇ ಸಿಕ್ಕಿತು. ಒಂದು ಶ್ರೇಯಾಂಕಾ ಪಾಟೀಲ್‌ಗೆ. 2024ರ ಡಬ್ಲ್ಯುಪಿಎಲ್‌ನಲ್ಲಿ 13 ವಿಕೆಟ್ ತೆಗೆದು, ಆರ್‌ಸಿಬಿ ಕಪ್ ಗೆದ್ದ ಆ ವರ್ಷವೇ ಪರ್ಪಲ್ ಕ್ಯಾಪ್ ತೊಟ್ಟವಳು. ಅವಳ ಅಂಕಿಗಳನ್ನೆಲ್ಲ ಪೆನ್ಸಿಲ್ಲಿನಲ್ಲಿ ಬರೆದಳು, ಅವರಿನ್ನೂ ಆಡ್ತಿದ್ದಾರಲ್ಲ ಎಂದು. ಶಾಂತಾ ಅವರದನ್ನು ಪೆನ್ನಿನಲ್ಲಿ: ಪಂದ್ಯ 16, ಗರಿಷ್ಠ 108. ಹೊಸ ಕಾರ್ಡುಗಳನ್ನು ಕಟ್ಟಿಗೆ ಸೇರಿಸಿ, ಕಲಸಿ, ಅಪ್ಪನನ್ನು ಎದುರಿಗೆ ಕೂರಿಸಿಕೊಂಡಳು. ಸ್ವಲ್ಪ ಹೊತ್ತಿಗೆ ಅಣ್ಣನ ಕೈಯಲ್ಲಿ ಮೇಲಕ್ಕೆ ಬಂದದ್ದು ಅವನದೇ ಎರಡು ಪಂದ್ಯದ ದ್ರಾವಿಡ್. ಕರೆಯುವ ಸರದಿ ಮಗಳದು. “ಗರಿಷ್ಠ” ಎಂದು ಕೂಗಿ ಶಾಂತಾ ರಂಗಸ್ವಾಮಿಯನ್ನು ಕೆಳಗಿಟ್ಟು, ಹಸಿರು ಇಂಕಿನ 95ನ್ನು ಎತ್ತಿಕೊಂಡಳು.